ನೆನಪು ಯಾರ ಸೊತ್ತು?

(ನಗರದ ಕಾಲೇಜೊಂದರ ವಿದ್ಯಾರ್ಥಿಗಳ ಎದುರು ನಮ್ಮ ವರದಿಗಾರರು ನೀಡಿದ ಉಪನ್ಯಾಸದ ಪಾಠ)



ನನ್ನ ಅಜ್ಜಿಗೆ ತಾನು ಹುಟ್ಟಿದ ಇಸವಿ ಗೊತ್ತಿಲ್ಲ. ಕೇಳಿದರೆ, ‘ಕೆರೆ ಏರಿ ಒಡೆದ ಮಳೆಗಾಲ ಕಳೆದ ಮೇಲೆ ಬಂದ ಯುಗಾದಿಗೆ’ ಎನ್ನುತ್ತಾರೆ. ಹಿರಿಯ ಮಗ ಹುಟ್ಟಿದ್ದು ಊರಿಗೆ ಕರೆಂಟು ಬಂದ ವರ್ಷ. ಅಜ್ಜಿಯ ಸ್ವಂತ ಬದುಕಿಗೆ ಊರೇ ಪಂಚಾಂಗ. ಆ ಊರಿನಿಂದ ಅವರನ್ನು ಬೇರ್ಪಡಿಸಿದರೆ ಅರ್ಧ ನೆನಪುಗಳಿಗೆ ನೆಲೆಯೇ ಇರುವುದಿಲ್ಲ.

ಈ ಸರಳ ಸಂಗತಿಯನ್ನೇ ಶಾಸ್ತ್ರೀಯವಾಗಿ ವಿವೇಚಿಸಿದವರು ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಮೊರಿಸ್ ಹಾಲ್ಬ್‌ವಾಕ್ಸ್. ನೆನಪಿನ ಸಾಮಾಜಿಕ ಚೌಕಟ್ಟುಗಳನ್ನು ಕುರಿತ ಅವರ ಗ್ರಂಥ 1925ರಲ್ಲಿ ಪ್ರಕಟವಾಯಿತು. ನೆನೆಯುವವನು ವ್ಯಕ್ತಿಯೇ ಹೌದು. ಆದರೆ ಮನೆ, ಕಸುಬು, ಧರ್ಮ, ಊರು ಎಂಬ ಗುಂಪುಗಳ ಆಸರೆಯಿಲ್ಲದೆ ಅವನು ನೆನೆಯಲಾರ. ಗುಂಪು ಚದುರಿದರೆ ಅದರ ನೆನಪೂ ಚದುರುತ್ತದೆ ಎಂಬುದು ಅವರ ವಾದದ ತಿರುಳು. ಈ ವಿದ್ವಾಂಸರು 1945ರಲ್ಲಿ ನಾಜಿಗಳ ಬೂಕೆನ್‌ವಾಲ್ಡ್ ಸೆರೆಶಿಬಿರದಲ್ಲಿ ಪ್ರಾಣಬಿಟ್ಟರು.

ಸಮಾಜ ನೆನಪನ್ನು ಉಳಿಸುವುದಷ್ಟೇ ಅಲ್ಲ, ತಿದ್ದುತ್ತದೆ ಕೂಡ. ಕೇಂಬ್ರಿಜ್‌ನ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಬಾರ್ಟ್ಲೆಟ್, ಉತ್ತರ ಅಮೆರಿಕದ ಮೂಲನಿವಾಸಿಗಳ ಕಥೆಯೊಂದನ್ನು ಇಂಗ್ಲಿಷರಿಗೆ ಓದಲು ಕೊಟ್ಟು, ನೆನಪಿನಿಂದ ಮತ್ತೆ ಹೇಳಿಸಿದರು. ಕಥೆಯ ‘ಕ್ಯಾನೂ’ಗಳು ಇಂಗ್ಲೆಂಡಿನ ಸಾಮಾನ್ಯ ದೋಣಿಗಳಾದವು. ಅವರಿಗೆ ಅರ್ಥವಾಗದ ಭಾಗಗಳು ಉದುರಿಹೋದವು. ಯಾರೂ ಸುಳ್ಳು ಹೇಳಿರಲಿಲ್ಲ. ತಮ್ಮ ಸಮಾಜಕ್ಕೆ ಒಗ್ಗುವಂತೆ ಅವರು ನೆನೆದಿದ್ದರು, ಅಷ್ಟೆ. ಈ ಪ್ರಯೋಗಗಳ ಪುಸ್ತಕ ಬಂದದ್ದು 1932ರಲ್ಲಿ.

ಇನ್ನು ನಮ್ಮ ಮನೆಬಾಗಿಲಿಗೇ ಬರೋಣ. ಬೆಂಗಳೂರಿಗೆ ಆ ಹೆಸರು ಹೇಗೆ ಬಂತು? ಬೇಟೆಯಲ್ಲಿ ದಾರಿತಪ್ಪಿದ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೇಯಿಸಿದ ಕಾಳು ಕೊಟ್ಟಳು, ಹೀಗಾಗಿ ‘ಬೆಂದಕಾಳೂರು’ ಎಂದು ನಿಮ್ಮಲ್ಲಿ ಅನೇಕರು ಹೇಳುತ್ತೀರಿ. ನಾನೂ ಒಂದು ವರದಿಯಲ್ಲಿ ಹಾಗೆಯೇ ಬರೆದಿದ್ದೆ. ಓದುಗರೊಬ್ಬರು ಫೋನ್ ಮಾಡಿ, ‘ಒಮ್ಮೆ ಬೇಗೂರಿಗೆ ಹೋಗಿ ಬನ್ನಿ ಸ್ವಾಮಿ’ ಎಂದರು. ಅಲ್ಲಿನ ದೇವಾಲಯದ ಆವರಣದಲ್ಲಿ ಸುಮಾರು ಕ್ರಿ.ಶ. 890ರ ವೀರಗಲ್ಲು ಶಾಸನವಿದೆ. ಬೆಂಗಳೂರಿನ ಕಾಳಗದಲ್ಲಿ ಮಡಿದವನನ್ನು ಅದು ಸ್ಮರಿಸುತ್ತದೆ. ಇಮ್ಮಡಿ ವೀರಬಲ್ಲಾಳ ಪಟ್ಟಕ್ಕೆ ಬಂದದ್ದು 1173ರಲ್ಲಿ. ಅಂದರೆ ರಾಜನಿಗೆ ಹಸಿವಾಗುವ ಸುಮಾರು ಮುನ್ನೂರು ವರ್ಷ ಮೊದಲೇ ಊರಿಗೆ ಹೆಸರಿತ್ತು!

ಕಲ್ಲಿನ ಮೇಲೆ ಕೊರೆದದ್ದು ಮರೆತು, ಬಾಯಿಮಾತು ಉಳಿದದ್ದೇಕೆ? ಶಾಸನ ಓದಲು ಹಳೆಯ ಲಿಪಿ ಬಲ್ಲವರು ಬೇಕು. ಕಥೆಯನ್ನಾದರೋ ಮಗುವಿಗೆ ಊಟ ಮಾಡಿಸುತ್ತಾ ಹೇಳಬಹುದು. ಅಲ್ಲದೆ, ಹಸಿದು ಬಂದ ಅಪರಿಚಿತನಿಗೆ ಇದ್ದುದನ್ನೇ ಬಡಿಸಿದ ಊರು ನಮ್ಮದು ಎಂಬ ಅಭಿಮಾನ ಅದರಲ್ಲಿದೆ. ಊರು ತನ್ನನ್ನು ಹೇಗೆ ಕಾಣಬಯಸುತ್ತದೋ ಹಾಗೆ ನೆನೆಯುತ್ತದೆ.

ಹಾಗೆಂದು ಜನರ ನೆನಪೆಲ್ಲ ಕಟ್ಟುಕಥೆಯಲ್ಲ. ಇಂದಿನ ಕಂಠೀರವ ಕ್ರೀಡಾಂಗಣ ಇರುವುದು ಸಂಪಂಗಿ ಕೆರೆಯ ಅಂಗಳದಲ್ಲಿ. ಆ ದೊಡ್ಡ ಕೆರೆಯ ಗುರುತಾಗಿ ಪಕ್ಕದಲ್ಲೊಂದು ಚಿಕ್ಕ ಕೊಳ ಮಾತ್ರ ಉಳಿದಿದೆ. ಆದರೂ ಚೈತ್ರದಲ್ಲಿ ಕರಗದ ವಿಧಿಗಳಿಗೆ ತಿಗಳ ಸಮುದಾಯದವರು ಅಲ್ಲಿಗೆ ಬರುತ್ತಾರೆ. ಹೂವು, ತರಕಾರಿ ಬೆಳೆದು ಊರಿಗೆ ಉಣಿಸಿದ ಆ ಜನರಿಗೆ ಕೆರೆ ಬದುಕೇ ಆಗಿತ್ತು. ಹುಣ್ಣಿಮೆಯ ರಾತ್ರಿ ಕರಗ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗುತ್ತದೆ. ಕೆರೆ ಎಲ್ಲಿತ್ತು, ನೆರೆಯವರು ಯಾರು ಎಂಬ ಎರಡನ್ನೂ ಆ ಸಮುದಾಯ ಆಚರಣೆಯಲ್ಲಿ ಕಾಪಿಟ್ಟುಕೊಂಡಿದೆ.

ಇಂಥ ಆಚರಣೆಯಿಲ್ಲದ ಕೆರೆಗಳ ಗತಿಯೇನು? 2022ರ ಸೆಪ್ಟೆಂಬರ್‌ನಲ್ಲಿ ನಗರದ ಪೂರ್ವಭಾಗ ನೀರಿನಲ್ಲಿ ಮುಳುಗಿತ್ತು. ಕೆಲಸಕ್ಕೆ ಸೇರಿದ ಹೊಸತು; ವರದಿಗೆಂದು ಹೋಗಿದ್ದೆ. ಮಂಡಿಯುದ್ದ ನೀರಿನಲ್ಲಿ ನಿಂತಿದ್ದ ಬಡಾವಣೆಯವರು, ‘ಈ ನೀರು ಎಲ್ಲಿಂದ ಬಂತು?’ ಎಂದು ಕೇಳುತ್ತಿದ್ದರು. ಸಮೀಪದ ಹಳ್ಳಿಯ ವೃದ್ಧರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, ‘ಎಲ್ಲಿಂದಲೂ ಬಂದಿಲ್ಲ ಕಣಪ್ಪಾ. ಇದು ಕೆರೆ ಅಂಗಳ. ಕೋಡಿ ನೀರು ಹರಿಯೋ ದಾರಿ ಮೇಲೇ ಇವರ ಗೇಟಿದೆ’ ಎಂದರು. ‘ಮೊದಲೇ ಯಾಕೆ ಹೇಳಲಿಲ್ಲ ತಾತ?’ ಎಂದೆ. ‘ಯಾರು ಕೇಳಿದರು?’ ಎಂದರು.

ಆ ಉತ್ತರ ಇಂದಿಗೂ ನನ್ನನ್ನು ಕಾಡುತ್ತದೆ. ಹೊಲ ಮಾರಿದವರು ಚದುರಿದ್ದರು. ಸೈಟು ಕೊಂಡವರು ಹೊರಗಿನಿಂದ ಬಂದವರು. ಇಬ್ಬರ ನಡುವೆ ಮಾತೇ ಇರಲಿಲ್ಲ. ನೆನಪು ಆ ಮುದುಕರ ತಲೆಯಲ್ಲಿತ್ತು, ಸಮಾಜದಲ್ಲಿ ಇರಲಿಲ್ಲ. ಅದಕ್ಕೆ ದಂಡ ತೆತ್ತವರು ಬಡಾವಣೆಯವರಷ್ಟೇ ಅಲ್ಲ. ಹಿಂಬದಿಯ ಶೆಡ್ಡುಗಳಲ್ಲಿದ್ದ ಕೂಲಿಯವರ ಅಕ್ಕಿ, ಬಟ್ಟೆ, ಮಕ್ಕಳ ಪುಸ್ತಕಗಳೂ ತೇಲಿಹೋದವು.

ಆದ್ದರಿಂದ ನಿಮ್ಮಲ್ಲಿ ಒಂದು ಕೋರಿಕೆ. ಈ ಭಾನುವಾರ ನಿಮ್ಮ ಬೀದಿಯ ಹಿರಿಯರೊಬ್ಬರ ಬಳಿ ಕುಳಿತು, ಇಲ್ಲಿ ಮೊದಲು ಏನಿತ್ತು ಎಂದು ಕೇಳಿ. ಹತ್ತು ಮಂದಿಯನ್ನು ಒಟ್ಟಿಗೆ ಕೇಳಬೇಡಿ. ಮೊದಲು ಮಾತಾಡಿದವರ ನೆನಪೇ ಎಲ್ಲರ ನೆನಪಾಗಿಬಿಡುತ್ತದೆ. ಒಬ್ಬೊಬ್ಬರನ್ನೇ ಕೇಳಿ, ಬರೆದಿಡಿ, ಹಳೆಯ ನಕ್ಷೆಯೊಂದಿಗೆ ತಾಳೆ ನೋಡಿ. ತಪ್ಪಿದ್ದರೆ ತಿದ್ದೋಣ. ಆದರೆ ‘ಯಾರು ಕೇಳಿದರು?’ ಎಂಬ ಮಾತು ಇನ್ನೊಮ್ಮೆ ನಮಗೆ ಕೇಳಿಬಾರದಿರಲಿ.