ಕಾರ್ಡಿನಿಂದ ಕೆಲಸದವರೆಗೆ



ಮಾರ್ಕ್ಸ್ ಕಾರ್ಡಿನ ಝೆರಾಕ್ಸ್ ಹಿಡಿದು, ಕಮಲಾಪುರದಲ್ಲಿ ಬಸ್ ಹತ್ತಿ ಕಲಬುರಗಿಗೆ ಬಂದು ‘ಎಂಪ್ಲಾಯ್‌ಮೆಂಟ್ ಕಾರ್ಡು’ ಮಾಡಿಸುವುದು ಒಂದು ಕಾಲದ ರೂಢಿ. ಕಾರ್ಡಿನ ಮೇಲೆ ನೋಂದಣಿ ಸಂಖ್ಯೆ, ತಾರೀಖು. ತಾರೀಖು ಹಳೆಯದಾದಷ್ಟೂ ಸರದಿ ಮುಂದೆ. ಅದಕ್ಕೇ ಕಾರ್ಡು ಟ್ರಂಕಿನ ತಳದಲ್ಲಿ, ಹೊಲದ ಪತ್ರಗಳ ಜೊತೆ ಭದ್ರವಾಗಿರುತ್ತಿತ್ತು.

ಇದರ ಬೇರು ಮಹಾಯುದ್ಧದಲ್ಲಿದೆ. 1945ರಲ್ಲಿ ಸೇನೆಯಿಂದ ಬಿಡುಗಡೆಯಾದ ಸೈನಿಕರಿಗೆ ಕೆಲಸ ಹುಡುಕಿಕೊಡಲು ಉದ್ಯೋಗ ವಿನಿಮಯ ಕಚೇರಿಗಳು ಹುಟ್ಟಿದವು. 1948ರಲ್ಲಿ ಬಾಗಿಲು ಎಲ್ಲರಿಗೂ ತೆರೆಯಿತು. 1956ರ ನವೆಂಬರ್ 1ರಂದು ನಮ್ಮ ಜಿಲ್ಲೆ ಹೈದರಾಬಾದ್ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಈ ಕಚೇರಿಗಳ ದಿನನಿತ್ಯದ ಆಡಳಿತ ಕೇಂದ್ರದಿಂದ ರಾಜ್ಯಗಳ ಕೈಗೆ ಬಂದದ್ದೂ ಅದೇ ದಿನ.

1959ರ ಕಾಯ್ದೆ ಸರ್ಕಾರಿ ಸಂಸ್ಥೆಗಳಿಗೂ, 25 ಮತ್ತು ಹೆಚ್ಚು ನೌಕರರಿರುವ ಖಾಸಗಿ ಸಂಸ್ಥೆಗಳಿಗೂ ಖಾಲಿ ಹುದ್ದೆಯನ್ನು ಈ ಕಚೇರಿಗಳಿಗೆ ತಿಳಿಸುವುದನ್ನು ಕಡ್ಡಾಯ ಮಾಡಿತು. ಕಚೇರಿ ಕಳಿಸಿದವರನ್ನೇ ತೆಗೆದುಕೊಳ್ಳಬೇಕೆಂದು ಮಾತ್ರ ಹೇಳಲಿಲ್ಲ. 1996ರಲ್ಲಿ ಸುಪ್ರೀಂ ಕೋರ್ಟ್, ಕಚೇರಿಯ ಪಟ್ಟಿಯೊಂದೇ ಸಾಲದು, ಪತ್ರಿಕೆಯಲ್ಲೂ ಜಾಹೀರಾತು ಕೊಡಿ ಎಂದಿತು. ಕಾರ್ಡಿನ ತೂಕ ಇಳಿಯಿತು. 2015ರಲ್ಲಿ ರಾಷ್ಟ್ರೀಯ ವೃತ್ತಿ ಸೇವಾ ಜಾಲತಾಣ ಬಂದು, ನೋಂದಣಿ ಮೊಬೈಲಿಗೇ ಇಳಿಯಿತು.

ಹಾಗಾದರೆ ಸೇವೆಯ ಗುಣಮಟ್ಟ ಅಳೆದವರು ಯಾರು? 2005ರಲ್ಲಿ ಭಾರತೀಯ ಮಾನಕ ಬ್ಯೂರೋ ಸಾರ್ವಜನಿಕ ಸೇವೆಗೆಂದೇ ಐಎಸ್ 15700 ಮಾನಕ ತಂದಿತು. 2011ರ ನಮ್ಮ ಸಕಾಲ ಕಾಯ್ದೆ ಸರ್ಕಾರಿ ಸೇವೆಗಳಿಗೆ ಗಡುವು ಹಾಕಿತು. ಆದರೆ ಗಡುವು ನೋಡುವುದು ಕಾಗದ ಯಾವಾಗ ಕೈಸೇರಿತು ಎಂಬುದನ್ನು. ಕಾಗದ ಹಿಡಿದವನಿಗೆ ಕೆಲಸ ಸಿಕ್ಕಿತೇ ಎಂಬುದು ಅದರ ಲೆಕ್ಕಕ್ಕೆ ಬರುವುದಿಲ್ಲ. ಅಮೆರಿಕದ 2014ರ ಕಾಯ್ದೆ ಅಲ್ಲಿನ ಉದ್ಯೋಗ ಕೇಂದ್ರಗಳನ್ನು ಮೂರು ವರ್ಷಕ್ಕೊಮ್ಮೆಯಾದರೂ ಒರೆಗೆ ಹಚ್ಚಿ ಪ್ರಮಾಣಪತ್ರ ಕೊಡಲು ಹೇಳುತ್ತದೆ: ಕೆಲಸ ಫಲ ಕೊಟ್ಟಿತೇ, ಅಂಗವಿಕಲರೂ ಒಳಗೆ ಬರಬಲ್ಲರೇ, ಸುಧಾರಣೆ ಮುಂದುವರಿದಿದೆಯೇ?

ನಮ್ಮಲ್ಲೂ ಅಂಥ ಪ್ರಮಾಣಪತ್ರ ಬರಲಿ. ತಪಾಸಣೆ ಕಮಲಾಪುರದ ಬಸ್ ನಿಲ್ದಾಣದಿಂದ ಶುರುವಾಗಲಿ. ಎಷ್ಟು ಸಲ ಓಡಾಡಿಸಿದರು, ಎಷ್ಟು ದಿನದ ಕೂಲಿ ಹೋಯಿತು, ಆರು ತಿಂಗಳಾದ ಮೇಲೂ ಸಿಕ್ಕ ಕೆಲಸದಲ್ಲಿ ಇದ್ದಾರೆಯೇ ಎಂದು ಬಂದುಹೋದವರನ್ನೇ ಕೇಳಲಿ.

ಕಮಲಾಪುರದ ಕೆಂಪು ಬಾಳೆಗೆ ಭೌಗೋಳಿಕ ಗುರುತಿನ ಮುದ್ರೆ ಇದೆ. ಆದರೂ ಕೊಳ್ಳುವವರು ಮುದ್ರೆ ನೋಡಿ ಸುಮ್ಮನಾಗುವುದಿಲ್ಲ, ಸುಲಿದು ತಿಂದೇ ಹೇಳುತ್ತಾರೆ.