ಹೆಸರಿಲ್ಲದ ಬಟನ್

ಇವತ್ತು ಕೇಳೋದರ ಜೊತೆ ಒಂದು ಸಣ್ಣ ಕೆಲಸಾನೂ ಮಾಡಿ. ಆಂಡ್ರಾಯ್ಡ್ ಫೋನ್ ಇದ್ದರೆ ಸೆಟ್ಟಿಂಗ್ಸ್‌ಗೆ ಹೋಗಿ, ಆಕ್ಸೆಸಿಬಿಲಿಟಿ ಒಳಗೆ ಟಾಕ್‌ಬ್ಯಾಕ್ ಅಂತ ಇರುತ್ತೆ, ಅದನ್ನ ಆನ್ ಮಾಡಿ. ಈಗ ಒಂದು ಸಲ ಮುಟ್ಟಿದರೆ ಫೋನ್ ಓದಿ ಹೇಳುತ್ತೆ, ಎರಡು ಸಲ ತಟ್ಟಿದರೆ ಬಟನ್ ಕೆಲಸ ಮಾಡುತ್ತೆ. ಆಫ್ ಮಾಡೋಕೂ ಹಾಗೇ ಎರಡು ಸಲ ತಟ್ಟಬೇಕು, ಗಾಬರಿ ಆಗಬೇಡಿ. ಇನ್ನು ಕಣ್ಣು ಮುಚ್ಚಿ ಯಾವುದಾದರೂ ವೆಬ್‌ಸೈಟ್‌ನಲ್ಲಿ ಒಂದು ಅರ್ಜಿ ತುಂಬೋಕೆ ನೋಡಿ. ಬಟನ್‌ಗೆ ಕೋಡ್‌ನಲ್ಲಿ ಹೆಸರು ಕೊಟ್ಟಿಲ್ಲ ಅಂದ್ರೆ ನಿಮಗೆ ಕೇಳಿಸೋದು "ಬಟನ್" ಅಂತ ಅಷ್ಟೇ. ಸಲ್ಲಿಸೋ ಬಟನ್ನೋ, ತುಂಬಿದ್ದೆಲ್ಲಾ ಅಳಿಸಿಹಾಕೋ ಬಟನ್ನೋ? ಒತ್ತಿದ ಮೇಲೇ ಗೊತ್ತಾಗೋದು. ಸ್ಕಾಲರ್‌ಶಿಪ್ ಅರ್ಜಿಯ ಕೊನೇ ದಿನ, ರಾತ್ರಿ ಹನ್ನೊಂದು ಮುಕ್ಕಾಲಿಗೆ, ಕಣ್ಣು ಕಾಣದ ಒಬ್ಬ ವಿದ್ಯಾರ್ಥಿ ಈ ಜೂಜು ಆಡಬೇಕು ಅಂದ್ರೆ ಹೇಗಿರುತ್ತೆ ಯೋಚನೆ ಮಾಡಿ.

ಇದು ಬರೀ ಅನುಕೂಲದ ಮಾತಲ್ಲ. ಬ್ಯಾಂಕ್ ಖಾತೆ ತೆರೆಯೋಕೆ, ಸಿಮ್ ತಗೊಳ್ಳೋಕೆ ಡಿಜಿಟಲ್ ಕೆವೈಸಿ ಮಾಡುವಾಗ ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಿ ಅಂತಾರಲ್ಲ, ಆಸಿಡ್ ದಾಳಿಯಲ್ಲಿ ಕಣ್ಣು ಸುಟ್ಟುಹೋದವರು ಅದನ್ನ ಹೇಗೆ ಮಾಡ್ತಾರೆ? ಈ ಪ್ರಶ್ನೆ ಸುಪ್ರೀಂ ಕೋರ್ಟ್ ತನಕ ಹೋಯ್ತು. 2025ರ ಏಪ್ರಿಲ್ 30ರಂದು ಕೋರ್ಟ್ 20 ನಿರ್ದೇಶನ ಕೊಟ್ಟು, ಡಿಜಿಟಲ್ ಸೇವೆ ಕೈಗೆ ಸಿಗೋದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂತ ಹೇಳಿತು.

ಹಾಗಾದರೆ ನಮ್ಮಲ್ಲಿ ನಿಯಮಗಳು ಇರಲಿಲ್ವಾ? ಇದ್ವು. ಸರ್ಕಾರಿ ವೆಬ್‌ಸೈಟ್‌ಗಳಿಗೆ ಜಿಐಜಿಡಬ್ಲ್ಯು ಅನ್ನೋ ಮಾರ್ಗಸೂಚಿ 2009ರಲ್ಲೇ ಬಂದಿದೆ. 2023ರಲ್ಲಿ ಅದರ ಮೂರನೇ ಆವೃತ್ತಿಯೂ ಬಂತು. ಅದರ ಹಿಂದೆ ಡಬ್ಲ್ಯುಸಿಎಜಿ ಅನ್ನೋ ಅಂತರರಾಷ್ಟ್ರೀಯ ಮಾನದಂಡ ಇದೆ. ಆದರೆ ನಿಮ್ಮ ಕಾಲೇಜು ಫೆಸ್ಟ್‌ಗೋ, ಮನೆಯ ಸಣ್ಣ ವ್ಯಾಪಾರಕ್ಕೋ ಸೈಟ್ ಮಾಡಿಸ್ತೀರಿ ಅಂದ್ಕೊಳ್ಳಿ, ಅದನ್ನೆಲ್ಲಾ ಕೂತು ಓದೋರು ಯಾರು? ಅದಕ್ಕೇ ನಿಮ್ಮದೇ ಒಂದು ಪುಟದ ನಿಯಮ ಬರ್ಕೊಳ್ಳಿ ಅಂತೀನಿ. ಅದೂ ಡಿಸೈನ್ ಶುರು ಆಗೋ ಮೊದಲೇ, ಸೈಟ್ ಮಾಡಿಕೊಡೋರ ಜೊತೆಗಿನ ಒಪ್ಪಂದದಲ್ಲೇ ಸೇರಿಸಿ.

ನಾನು ಬಿಕಾಂ ಓದಿದ್ದು, ಕೋಡಿಂಗ್ ಅಲ್ಲ. ಆದರೆ ಆಡಿಟಿಂಗ್ ಪೇಪರ್‌ನಲ್ಲಿ ಕಲಿತ ಒಂದು ವಿಷಯ ಇಲ್ಲಿ ಸರಿಯಾಗಿ ಕೂರುತ್ತೆ: ಲೆಡ್ಜರ್‌ನಲ್ಲಿ ಬರೆದಿದ್ದಕ್ಕೆಲ್ಲಾ ಒಂದು ವೋಚರ್ ಬೇಕು. "ಸೈಟ್ ಎಲ್ಲರಿಗೂ ಸುಲಭವಾಗಿರಬೇಕು" ಅನ್ನೋದಕ್ಕೆ ವೋಚರ್ ಎಲ್ಲಿಂದ ತರ್ತೀರಾ? "ಮೌಸ್ ಮುಟ್ಟದೆ, ಬರೀ ಕೀಬೋರ್ಡ್‌ನಿಂದ ಅರ್ಜಿ ಸಲ್ಲಿಸೋಕೆ ಆಗಬೇಕು" ಅಂತ ಬರೆಯಿರಿ, ಐದು ನಿಮಿಷದಲ್ಲಿ ಪರೀಕ್ಷೆ ಮಾಡಬಹುದು. ಅಕ್ಷರಕ್ಕೂ ಹಿನ್ನೆಲೆ ಬಣ್ಣಕ್ಕೂ ಕಾಂಟ್ರಾಸ್ಟ್ ಕನಿಷ್ಠ 4.5ಕ್ಕೆ 1 ಇರಬೇಕು, ಇದನ್ನೂ ಅಳೆಯಬಹುದು. ಬಿಳಿ ಮೇಲೆ ತೆಳು ಬೂದು ಬಣ್ಣದ ಅಕ್ಷರ ಹಾಕೋ ಡಿಸೈನರ್‌ಗಳಿಗೆ ನನ್ನ ವಿಶೇಷ ನಮಸ್ಕಾರ, ಮಧ್ಯಾಹ್ನದ ಬಿಸಿಲಲ್ಲಿ ಬಸ್ ಸ್ಟಾಪ್‌ನಲ್ಲಿ ನಿಂತು ಒಂದು ಸಲ ಓದಿ ನೋಡಿ.

ಈಗ ಕನ್ನಡದ ವಿಷಯ. ಇದನ್ನ ಇಂಗ್ಲಿಷ್ ಪಟ್ಟಿಯಿಂದ ಹಾಗೇ ಇಳಿಸಿಕೊಂಡರೆ ಆಗಲ್ಲ. ಹಳೇ ನುಡಿ ಫಾಂಟ್‌ನಲ್ಲಿ, ಅಂದ್ರೆ ಯೂನಿಕೋಡ್‌ಗಿಂತ ಹಿಂದಿನ ರೀತಿಯಲ್ಲಿ, ಟೈಪ್ ಮಾಡಿದ ಕಡತಗಳು ಇವತ್ತಿಗೂ ಇವೆ. ಕಣ್ಣಿಗೆ ಅಲ್ಲಿ 'ಕನ್ನಡ' ಅಂತಾನೇ ಕಾಣುತ್ತೆ. ಕಂಪ್ಯೂಟರ್ ಒಳಗೆ ಇರೋದು ಮಾತ್ರ ಇಂಗ್ಲಿಷಿನ ಪಿ, ತಲೆ ಮೇಲೆ ಗೀಟು ಇರೋ ಎ, ಆಮೇಲೆ ಪೌಂಡ್ ಚಿಹ್ನೆ! ಸ್ಕ್ರೀನ್ ರೀಡರ್ ಅದನ್ನೇ ಓದುತ್ತೆ ಪಾಪ. ಸ್ಕ್ಯಾನ್ ಮಾಡಿದ ಪಿಡಿಎಫ್ ಇನ್ನೂ ಕಷ್ಟ, ಅದು ಬರೀ ಫೋಟೋ, ಓದೋಕೆ ಅಲ್ಲಿ ಅಕ್ಷರವೇ ಇಲ್ಲ. ಹಾಗಾಗಿ ಮೊದಲ ನಿಯಮ, ಎಲ್ಲವೂ ಯೂನಿಕೋಡ್‌ನಲ್ಲಿ ಇರಬೇಕು.

ಎರಡನೇದು, ಈ ಪುಟ ಕನ್ನಡದ್ದು ಅಂತ ಕೋಡ್‌ನಲ್ಲಿ ಹೇಳಬೇಕು. ಒಂದೇ ಸಾಲಿನ ಕೆಲಸ. ಇಂಗ್ಲಿಷ್ ಅಂತ ಬಿಟ್ಟರೆ, ಓದೋಕೆ ಇಂಗ್ಲಿಷ್ ಧ್ವನಿ ಬಂದು ಕನ್ನಡದ ಸಾಲು ಕಂಡಾಗ ತಡವರಿಸಬಹುದು. ಫೋಟೋಗೆ ಕೊಡೋ ವಿವರಣೆಯೂ ಕನ್ನಡದಲ್ಲೇ ಇರಲಿ.

ಇನ್ನು ಒತ್ತಕ್ಷರ. ಇಂಗ್ಲಿಷ್ ಅಕ್ಷರದ ಎತ್ತರಕ್ಕೆ ಅಳೆದು ಮಾಡಿದ ಬಟನ್‌ನಲ್ಲಿ 'ಸಲ್ಲಿಸಿ' ಅಂತ ಬರೆದರೆ ಕೆಳಗಿನ ಒತ್ತು ಕತ್ತರಿಸಿ ಹೋಗಿ 'ಸಲಿಸಿ' ಆಗುತ್ತೆ. ಅಕ್ಷರ ದೊಡ್ಡದು ಮಾಡ್ಕೊಂಡು ಓದೋ ಅಜ್ಜ ಅಜ್ಜಿಯರಿಗೆ ಇದು ಇನ್ನೂ ಜಾಸ್ತಿ ಕಾಟ. ಫಾಂಟ್ ಎರಡು ಪಟ್ಟು ದೊಡ್ಡದಾದರೂ ಒತ್ತು ಪೂರ್ತಿ ಕಾಣಬೇಕು ಅಂತ ಬರ್ಕೊಳ್ಳಿ.

ಕೆಲವರು ಪುಟದ ಮೇಲೆ ಅಕ್ಷರ ದೊಡ್ಡದು ಮಾಡೋ ಬಟನ್ ಅಂಟಿಸಿ, ಆಕ್ಸೆಸಿಬಿಲಿಟಿ ಆಯ್ತು ಅಂತಾರೆ. ಆ ಸೌಲಭ್ಯ ಫೋನ್‌ನಲ್ಲೇ ಇದೆ ಸ್ವಾಮಿ. ಫಾರ್ಮ್‌ನ ಖಾಲಿ ಜಾಗಕ್ಕೆ ಹೆಸರು ಕೊಡಿ, ತುಂಬೋಕೆ ಸಮಯ ಸಾಲದೇ ಹೋದರೆ ಹೆಚ್ಚಿಸಿಕೊಳ್ಳೋ ದಾರಿ ಕೊಡಿ, ಅದು ಬೇಕಾಗಿರೋದು. ಅದು ಕೆಲಸ ಮಾಡುತ್ತಾ ಅಂತ ನೋಡೋಕೆ ಅಂಗವೈಕಲ್ಯ ಇರೋರನ್ನೇ ಕರೆಯಿರಿ, ಸಂಬಳ ಕೊಟ್ಟು. ಪರೀಕ್ಷೆ ಹಂತದಲ್ಲಿ ದೃಷ್ಟಿಹೀನರು ಇರಬೇಕು ಅಂತ ಆ ತೀರ್ಪಿನಲ್ಲೂ ಇದೆ. ಊಟ ಕೊಡಿಸಿ ಕಳಿಸೋ ಸಮಾಜಸೇವೆ ಅಲ್ಲ ಇದು, ಕೌಶಲದ ಕೆಲಸ.

ಅಂದಹಾಗೆ, ಧ್ವನಿ ಇದ್ದ ಕಡೆ ಪಠ್ಯವೂ ಇರಬೇಕು ಅನ್ನೋದು ಡಬ್ಲ್ಯುಸಿಎಜಿಯ ತೀರಾ ಮೊದಲ ಹಂತದ ನಿಯಮ. ಕಿವಿ ಕೇಳದ ಗೆಳೆಯರು ಈ ಎಪಿಸೋಡನ್ನ ಇಲ್ಲಿ ಓದ್ತಾ ಇದ್ದೀರಿ ಅಂದ್ಕೊಂಡಿದ್ದೀನಿ. ಈ ಪುಟದಲ್ಲಿ ಎಲ್ಲಾದರೂ ಸಿಕ್ಕಿಹಾಕ್ಕೊಂಡರೆ ಯಾವ ಜಾಗ, ಯಾವ ಫೋನ್ ಅಂತ ಬರೆದು ಕಳಿಸಿ.