ಮಗುವನ್ನೂ ಒಂದು ಮಾತು ಕೇಳಿ



ವಿಶೇಷ ಅಗತ್ಯವುಳ್ಳ ಮಗು ಈ ವರ್ಷ ಏನು ಕಲಿಯಬೇಕು, ಅದಕ್ಕೆ ಯಾವ ನೆರವು ಬೇಕು ಎಂದು ಶಾಲೆಯಲ್ಲಿ ವೈಯಕ್ತಿಕ ಶಿಕ್ಷಣ ಯೋಜನೆ ಬರೆಯುತ್ತಾರೆ. ಅಂಥದೊಂದು ಸಭೆಯಲ್ಲಿ ನಾನೂ ಕುಳಿತಿದ್ದೆ. ಮಂದದೃಷ್ಟಿಯ ಹುಡುಗ. ದೊಡ್ಡಕ್ಷರದ ಪುಸ್ತಕ ತರಿಸುವುದೆಂದು ಮೊದಲೇ ಬರೆದಾಗಿತ್ತು. ತಾಯಿಗೆ 'ಇಲ್ಲಿ ಸಹಿ ಮಾಡ್ರಿ' ಎಂದೆವು. ಅವರು ಪೆನ್ನು ಕೆಳಗಿಟ್ಟು, 'ಇವನನ್ನೂ ಒಂದು ಮಾತು ಕೇಳ್ರಿ' ಎಂದರು. ಹುಡುಗ ಹೇಳಿದ: 'ಕಿಟಕಿ ಬೆಳಕಿಗೆ ಬೋರ್ಡು ಹೊಳೀತೈತ್ರಿ, ಅಕ್ಷರ ಕಾಣಂಗಿಲ್ರಿ. ನನ್ನ ಜಾಗ ಬದಲಿ ಮಾಡ್ರಿ.' ಒಂದು ಪೈಸೆ ಖರ್ಚಿಲ್ಲದ ಕೆಲಸ. ನಾವು ಯಾರೂ ಕೇಳಿರಲಿಲ್ಲ.

ಅಮೆರಿಕದ 1975ರ ಕಾಯ್ದೆ ಇಂಥ ಸಭೆಯಲ್ಲಿ ಪಾಲಕರಿಗೂ, ಸೂಕ್ತವಾದಾಗ ಮಗುವಿಗೂ ಸ್ಥಾನ ಕೊಟ್ಟಿತು. ನಮ್ಮ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಮಗುವಿಗೆ ಬೇಕಾದ ನೆರವನ್ನು ಶಾಲೆಯ ಹೊಣೆಯಾಗಿಸಿದೆ. ಅದು ಯಾರೂ ಕೊಡುವ ಭಿಕ್ಷೆಯಲ್ಲ.

ತಾಯಂದಿರೆ, ತಿಳಿಯದೆ ಸಹಿ ಹಾಕಬೇಡಿ. ಓದು ಬಾರದಿದ್ದರೆ ಓದಿಸಿ ಕೇಳಿ, ಒಂದು ಪ್ರತಿ ಮನೆಗೆ ಒಯ್ಯಿರಿ. ಗುರುಗಳೆ, ಪಾಲಕರ ಕೂಲಿ ತಪ್ಪದ ಹೊತ್ತಿಗೆ ಸಭೆ ಕರೆಯಿರಿ. ಮಾತು ಬಾರದ ಮಗು ಸನ್ನೆಯಿಂದ, ಚಿತ್ರ ತೋರಿಸಿ ಹೇಳೀತು. ಕಾಯುವ ತಾಳ್ಮೆ ನಮಗಿರಲಿ.